ಕೌಲ್ ಬಜಾರಿನ ಬೋರ್ಡಿಲ್ಲದ ಅಂಗಡಿ: ಒಂದು ಎಂಜಿನ್, ಆರು ವ್ಯಾಗನ್

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಹೆಸರಿಲ್ಲ. ಬೋರ್ಡ್ ಇಲ್ಲ, ಬಿಲ್ ಬುಕ್ ಇಲ್ಲ, ಮ್ಯಾಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಬಳ್ಳಾರಿಯ ಕೌಲ್ ಬಜಾರ್ ಕಡೆ, ಜೀನ್ಸ್ ಹೊಲಿಯುವ ಯೂನಿಟ್‌ಗಳ ನಡುವೆ ಒಂದು ಶಟರ್. ಒಳಗೆ ಹೊಲಿಗೆ ಮಷಿನ್ ಮೋಟರ್‌ಗಳ ರಾಶಿ. ಅದೇ ಅಂಗಡಿಯವರ ಹೊಟ್ಟೆಪಾಡು. ಆಟದ ರೈಲು ರಿಪೇರಿ ಅನ್ನೋದು ರಾತ್ರಿ ಎಂಟರ ಮೇಲೆ, ಮನಸ್ಸು ಬಂದರೆ ಮಾತ್ರ. "ಆಟದ ರೈಲು" ಅಂದರೆ ನನಗೆ ಸಿಟ್ಟು ಬರುತ್ತದೆ, ಇವು ಮಾಡೆಲ್ ರೈಲು, ಆದರೆ ಅವರು ಹಾಗೇ ಕರೆಯುತ್ತಾರೆ, ಏನು ಮಾಡೋದು.

ನನ್ನದು ಮೆಡಿಕಲ್ ಶಾಪ್. ಮನೆಯ ಅಟ್ಟದ ಮೇಲೆ ಎಂಟಡಿ ಉದ್ದದ ಹಲಗೆ, ಅದರ ಮೇಲೆ ಎಚ್‌ಓ ಹಳಿ. ಗೊತ್ತಿಲ್ಲದವರಿಗೆ: ಎಚ್‌ಓ ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಹಳಿಗಳ ನಡುವಿನ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಇರುವುದರಿಂದ ಲೆಕ್ಕಕ್ಕೆ 19.3 ಬರಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿ, ಗಾಲಿ ಎಲ್ಲ ಹೊರದೇಶದ 1435 ಗೇಜಿನ ಲೆಕ್ಕದ್ದು. ಹಾಗಾಗಿ ನಮ್ಮ ಎಂಜಿನ್ ಈ ಹಳಿಯ ಮೇಲೆ ಸ್ವಲ್ಪ ಕಿರಿದಾದ ಚಪ್ಪಲಿ ಹಾಕಿಕೊಂಡ ಹಾಗೆ ನಿಲ್ಲುತ್ತದೆ. ಇದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವವರೂ ಇದ್ದಾರೆ. ನಾನಲ್ಲ.

ನನ್ನ ಎಂಜಿನ್ ಡಬ್ಲ್ಯೂಡಿಎಂ-2. ಅದೇ ನಮ್ಮ ರೈಲ್ವೆಯ ಹಳೇ ಡೀಸೆಲ್, ಆಲ್ಕೋ ಕಂಪನಿಯ ವಿನ್ಯಾಸ, 2600 ಅಶ್ವಶಕ್ತಿ, ಹೊರಡುವಾಗ ಒಂದು ಸಲ ಕಪ್ಪು ಹೊಗೆ ಉಗುಳಿ ಆಮೇಲೆ ತಣ್ಣಗಾಗುತ್ತಿತ್ತಲ್ಲ, ಅದು. ಚಿಕ್ಕವನಿದ್ದಾಗ ಗುತ್ತಿ ಡೀಸೆಲ್ ಶೆಡ್ಡಿನ ಎಂಜಿನ್‌ಗಳನ್ನು ನೋಡಲೆಂದೇ ರೈಲ್ವೆ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿಕೊಂಡು ಶಾಲೆಗೆ ತಡವಾಗಿ ಹೋದವನು ನಾನು. ಮಾಡೆಲ್‌ನ ಮೈ 3ಡಿ ಪ್ರಿಂಟ್ ಮಾಡಿದ್ದು, ಕೆಳಗಿನ ಚಾಸಿ ಹೊರದೇಶದ ಹಳೇ ಸೆಕೆಂಡ್ ಹ್ಯಾಂಡ್. ಗಾಲಿಗಳ ಅಂತರ ಒಂದೆರಡು ಮಿಲಿಮೀಟರ್ ಆಚೀಚೆ. ಡಬ್ಲ್ಯೂಡಿಎಂ-2ರ ಬೋಗಿಯಲ್ಲಿ (ಡಬ್ಬಿ ಅಲ್ಲ, ಗಾಲಿಗಳನ್ನು ಹಿಡಿದಿಡುವ ಚೌಕಟ್ಟು) ಮೂರು ಆಕ್ಸಲ್ ಸಮಾನ ದೂರದಲ್ಲಿ ಇರುವುದಿಲ್ಲ. ಸರಿಯಾಗಿ ಹೊಂದುವ ಚಾಸಿ ಸಿಗೋದು ಕಷ್ಟ, ಆದ್ದರಿಂದ ಇಷ್ಟಕ್ಕೆ ಒಪ್ಪಿಕೊಂಡಿದ್ದೇನೆ.

ಕಾಯಿಲೆ ಏನಂದರೆ, ಓಡುವಾಗ ಟಕ್... ಟಕ್... ಟಕ್. ಗಾಲಿ ಒಂದು ಸುತ್ತು ಸುತ್ತಿದರೆ ಒಂದು ಟಕ್. ಪ್ರತಿ ಟಕ್ಕಿಗೂ ಒಂದು ಸಣ್ಣ ಜರ್ಕ್. ಮೊದಲು ಒಂದು ದೊಡ್ಡ ಊರಿನ ಅಂಗಡಿಗೆ ಕೊರಿಯರ್ ಮಾಡಿದ್ದೆ, ಹೆಸರು ಬೇಡ. ಎರಡು ತಿಂಗಳು ಇಟ್ಟುಕೊಂಡರು, 1800 ರೂಪಾಯಿ ತೆಗೆದುಕೊಂಡರು, ವಾಪಸ್ ಬಂದಾಗ ಎಂಜಿನ್ ಮಿರ್ಚಿ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಎಣ್ಣೆ ಎಣ್ಣೆ. ಟಕ್ ಹಾಗೇ ಇತ್ತು. ಮೇಲಾಗಿ ಎಣ್ಣೆ ಗಾಲಿಗೂ ಇಳಿದು, ಹಳಿಗೂ ಅಂಟಿ, ಕರೆಂಟ್ ಎತ್ತಿಕೊಳ್ಳೋದೇ ಕಷ್ಟವಾಯಿತು. ಹಳಿಯಿಂದ ಗಾಲಿಗೆ, ಗಾಲಿಯಿಂದ ತೆಳು ತಾಮ್ರದ ಪಟ್ಟಿಗೆ, ಅಲ್ಲಿಂದ ಮೋಟರ್‌ಗೆ ಕರೆಂಟ್ ಹೋಗಬೇಕು. ನಡುವೆ ಎಣ್ಣೆ, ಅದರ ಮೇಲೆ ಧೂಳು ಕೂತರೆ ಮುಗೀತು. ಬಳ್ಳಾರಿಯಲ್ಲಿ ಧೂಳಿಗೆ ಬರವೇ?

ಆಗ ನನ್ನ ಅಂಗಡಿಗೆ ಬರುವ ಒಬ್ಬ ಟೈಲರ್ ಈ ಶಟರ್ ತೋರಿಸಿದ. "ಸಣ್ಣ ಮೋಟರ್ ಯಾವುದೇ ಇರಲಿ, ಅಣ್ಣ ನೋಡ್ತಾನೆ" ಅಂದ.

ಮೊದಲ ಭೇಟಿ. ನಾನು ಕಥೆ ಶುರು ಮಾಡುವ ಮೊದಲೇ ಅವರು ಎಂಜಿನ್ ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದರು. 12 ವೋಲ್ಟ್ ಸಪ್ಲೈನಿಂದ ಎರಡು ವೈರ್ ಮುಟ್ಟಿಸಿದರು. ಟಕ್ ಕೇಳಿಸಿತು. ಮೀಟರ್ ತೋರಿಸಿದ್ದು 0.6 ಆಂಪಿಯರ್. "ಖಾಲಿ ಓಡೋಕೆ ಇಷ್ಟು ಯಾಕೆ ಕುಡಿತದೆ?" ಅಂದರು. ಕೆಳಗಿನ ಕವರ್ ತೆಗೆದು, ಹಲ್ಲುಜ್ಜುವ ಬ್ರಷ್ಷಿಗೆ ನನ್ನ ಅಂಗಡಿಯಲ್ಲೂ ಸಿಗುವ ಅದೇ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದರು. ಗ್ರೀಸ್ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಹೊರಗೆ ಬಂತು. ಆಮೇಲೆ ವಾಚ್ ರಿಪೇರಿಯವರ ಕಣ್ಣಿನ ಭೂತಗನ್ನಡಿ ಹಾಕಿಕೊಂಡು ಮೂರನೇ ಆಕ್ಸಲ್ ತೋರಿಸಿದರು. ಬಿಳಿ ಪ್ಲಾಸ್ಟಿಕ್ ಗೇರಿನಲ್ಲಿ ಕೂದಲೆಳೆಯಷ್ಟು ಸೀಳು. ಎರಡು ಹಲ್ಲುಗಳ ನಡುವೆ.

ಸೀಳು ಬೀಳೋದು ಯಾಕೆ ಅಂದರೆ, ಈ ಗೇರನ್ನು ಲೋಹದ ಆಕ್ಸಲ್ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಲೋಹ ಕುಗ್ಗಲ್ಲ. ಎಲ್ಲಿಯಾದರೂ ಬಿಡಲೇಬೇಕು. ಸೀಳಿದ ಜಾಗದಲ್ಲಿ ಎರಡು ಹಲ್ಲು ಸ್ವಲ್ಪ ದೂರವಾಗುತ್ತವೆ, ಪಕ್ಕದ ಗೇರಿನ ಹಲ್ಲು ಅಲ್ಲಿಗೆ ಬಂದಾಗ ಸರಿಯಾಗಿ ಕೂರದೆ ಏರಿ ಇಳಿಯುತ್ತದೆ. ಅದೇ ಟಕ್. ಎಣ್ಣೆ ಸುರಿದರೆ ಹೋಗುವ ರೋಗ ಅಲ್ಲ. ಫೆವಿಕ್ವಿಕ್ ಹಾಕಬಹುದಾ ಅಂತ ಕೇಳಿದೆ. ಅವರು ನನ್ನನ್ನು ನೋಡಿದ ರೀತಿ, ನಾನು ಮುರಿದ ಕಾಲಿಗೆ ಅಮೃತಾಂಜನ ಹಚ್ಚಲು ಹೇಳಿದ ಹಾಗಿತ್ತು. ಆ ಜಾತಿಯ ನುಣುಪು ಪ್ಲಾಸ್ಟಿಕ್‌ಗೆ ಅಂಟು ಹಿಡಿಯೋದೇ ಇಲ್ಲವಂತೆ.

ಹೊಸ ಗೇರು ಹೊರಗಿಂದ ತರಿಸಿದ್ದು ನಾನೇ. ಒಂದು ಸಾಕು ಅಂದಿದ್ದೆ, ಅವರು ಆರು ಆಕ್ಸಲ್‌ಗೂ ತರಿಸಿ ಅಂತ ಹಠ ಹಿಡಿದರು. ಒಂದೇ ಬ್ಯಾಚಿನವು, ಒಂದು ಒಡೆದಿದೆ ಅಂದರೆ ಉಳಿದವು ಸಾಲಿನಲ್ಲಿ ನಿಂತಿವೆ ಅಂತ ಅರ್ಥ. ಬಿಚ್ಚಿ ನೋಡಿದಾಗ ಇನ್ನೂ ಎರಡರಲ್ಲಿ ಸೀಳು ಶುರುವಾಗಿತ್ತು. ಸುಮ್ನೆ ವಾದ ಮಾಡಿ ಮರ್ಯಾದೆ ಕಳ್ಕೊಂಡೆ. ಗೇರು ಕೂರಿಸಿದ ಮೇಲೆ ಎರಡು ಗಾಲಿಗಳ ಒಳಬೆನ್ನಿನ ನಡುವೆ ಡಿಜಿಟಲ್ ಕ್ಯಾಲಿಪರ್ ಇಟ್ಟು 14.4 ಮಿಲಿಮೀಟರ್ ಬರುವವರೆಗೆ ಒತ್ತಿ, ಎಳೆದು, ಮತ್ತೆ ಒತ್ತಿ ಅಳೆದರು. ಇದು ಹೆಚ್ಚುಕಡಿಮೆ ಆದರೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಎಂಜಿನ್ ಹಳಿ ತಪ್ಪುತ್ತದೆ. ಗ್ರೀಸ್ ಎಷ್ಟು ಹಾಕಿದರು ಗೊತ್ತಾ? ಇನ್ಸುಲಿನ್ ಸಿರಿಂಜಿನ ತುದಿಯಲ್ಲಿ, ಸಾಸಿವೆ ಕಾಳಿನಷ್ಟು. ಹೊಲಿಗೆ ಮಷಿನ್ ಎಣ್ಣೆ ಹಾಕಿಬಿಡ್ತಾರೇನೋ ಅಂತ ಭಯ ಇತ್ತು. ಇಲ್ಲ, ಪ್ಲಾಸ್ಟಿಕ್ ತಿನ್ನದ ಗ್ರೀಸನ್ನೇ ಹಾಕಿದರು. ಕೊನೆಗೆ ಮೀಟರ್ 0.25 ಆಂಪಿಯರ್. ಸದ್ದು ಕೂಡ ಫ್ಯಾನ್ ಸದ್ದಿನ ಹಾಗೆ ಒಂದೇ ಸಮ.

ಇಲ್ಲಿಗೆ ಮುಗಿದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಎಂಜಿನ್ ಟೆಸ್ಟ್ ಮಾಡಲು ಒಂದು ವ್ಯಾಗನ್ ಒಯ್ದಿದ್ದೆ. ಬಾಕ್ಸ್‌ಎನ್, ಅಂದರೆ ಮೇಲೆ ತೆರೆದ ಗೂಡ್ಸ್ ವ್ಯಾಗನ್, ನಾನೇ ಬಣ್ಣ ಹೊಡೆದು ತುಕ್ಕು ಹಿಡಿಸಿದ್ದು. ವೆದರಿಂಗ್ ಅಂತ ನಾವು ಕರೆಯೋದು, ಹೊಸ ಮಾಡೆಲ್ಲನ್ನು ಮಳೆ ಬಿಸಿಲು ತಿಂದ ಹಾಗೆ ಹಳೇದು ಮಾಡೋದು. ದುಬಾರಿ ಬಾಟಲಿಯ "ರಸ್ಟ್" ಬಣ್ಣ ಬಳಿದು, ವಿಡಿಯೋ ನೋಡಿ ಕಲಿತ ಹಾಗೆ ಕಿತ್ತಳೆ ಮಚ್ಚೆ ಇಟ್ಟು, ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ಅವರು ಒಂದು ನಿಮಿಷ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ಇದು ಯಾವ ಊರಿನ ಗಾಡಿ?"

ನನಗೆ ಅರ್ಥ ಆಗಲಿಲ್ಲ. "ನಮ್ಮ ಕಡೆ ಓಡಾಡೋ ಗಾಡಿ ಕೆಂಪಗಿರೋದು ತುಕ್ಕಿಂದ ಅಲ್ಲ ಸಾರ್. ಅದಿರಿನ ಧೂಳಿಂದ."

ನಾಲ್ಕು ದಶಕ ಈ ಊರಲ್ಲೇ ಇದ್ದು, ತೋರಣಗಲ್ಲು ಕಡೆಯಿಂದ ಬರುವ ಗೂಡ್ಸ್ ಗಾಡಿ ಸಾವಿರ ಸಲ ನೋಡಿ, ನನಗೆ ಇದು ಹೊಳೆದಿರಲಿಲ್ಲ. ತುಕ್ಕು ಕಬ್ಬಿಣದ ಒಳಗಿನಿಂದ ಬರುತ್ತದೆ, ಬಣ್ಣ ಎದ್ದು ಸಿಪ್ಪೆಯಾಗುತ್ತದೆ, ಕಿತ್ತಳೆ ಕಂದು. ಅದಿರಿನ ಧೂಳು ಮೇಲಿನಿಂದ ಬಂದು ಕೂರುತ್ತದೆ. ಅಡ್ಡ ಪಟ್ಟಿಗಳ ಮೇಲೆ ಜಾಸ್ತಿ, ನಿಂತ ತಗಡಿನ ಮೇಲೆ ಕಮ್ಮಿ. ಮಳೆ ಬಂದರೆ ಗೆರೆಗೆರೆಯಾಗಿ ಇಳಿಯುತ್ತದೆ. ಬಣ್ಣವೂ ಬೇರೆ, ಕುಂಕುಮಕ್ಕೆ ಸ್ವಲ್ಪ ಬೂದಿ ಬೆರೆಸಿದ ಹಾಗೆ. ಅವರು ಡ್ರಾಯರಿನಿಂದ ಒಂದು ಮಾತ್ರೆ ಡಬ್ಬಿ ತೆಗೆದರು. ಒಳಗೆ ಸಂಡೂರು ಕಡೆಯ ಬ್ಲೂ ಡಸ್ಟ್, ಗಣಿಯವರು ಹಾಗೆ ಕರೆಯುವ ಪುಡಿ ಅದಿರು. ನೋಡಲು ಸೀಸದ ಹಾಗೆ ನೀಲಿ ಬೂದು, ಮಿನುಗು. ಚಿಟಿಕೆ ತೆಗೆದು ನನ್ನ ಅಂಗೈಯಲ್ಲಿ ಹೆಬ್ಬೆರಳಿನಿಂದ ತಿಕ್ಕಿದರು. ಅಂಗೈ ಕೆಂಪಾಯಿತು. ಹೆಮಟೈಟ್ ಅನ್ನೋ ಈ ಕಬ್ಬಿಣದ ಅದಿರಿನ ಗುಣವೇ ಅದು, ಗಟ್ಟಿ ಇದ್ದಾಗ ಒಂದು ಬಣ್ಣ, ಅರೆದರೆ ಇನ್ನೊಂದು. ಆ ಕೆಂಪು ಎರಡು ದಿನ ಉಗುರಿನ ಸಂದಿಯಲ್ಲೇ ಇತ್ತು. ಅಂಗಡಿಯಲ್ಲಿ ಮಾತ್ರೆ ಕೊಡುವಾಗ ಗಿರಾಕಿಯೊಬ್ಬರು ಕೇಳಿಯೇಬಿಟ್ಟರು, ಮೆಹಂದಿನಾ ಅಂತ.

ಹಾಗಾದರೆ ನಿಜವಾದ ಅದಿರಿನ ಪುಡಿಯನ್ನೇ ಬಳಿಯಬಹುದಲ್ಲ ಅಂದೆ. ಬೇಡ ಅಂದರು. ಒಂದು, ಕಾಳು ದಪ್ಪ. ಅರ್ಧ ಮಿಲಿಮೀಟರಿನ ಕಾಳು 87 ಪಟ್ಟು ಆದರೆ ನಾಲ್ಕು ಸೆಂಟಿಮೀಟರಿನ ಕಲ್ಲು. ಧೂಳು ಅಲ್ಲ, ಜಲ್ಲಿ. ಎರಡು, ಅದಿರಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳೂ ಸೇರಿರಬಹುದು. ಎಂಜಿನ್ ಮೋಟರಿನ ಒಳಗೆ ಅಯಸ್ಕಾಂತವೇ ಇರೋದು. ಒಂದು ಚಿಟಿಕೆ ಒಳಗೆ ಹೋದರೆ ಮೋಟರ್ ಕೆಲಸ ಮುಗೀತು. ವ್ಯಾಗನ್ ಒಳಗಿನ ಲೋಡಿಗೆ ಮಾತ್ರ ಅಸಲಿ ಅದಿರು, ಅದನ್ನೂ ತೆಳು ಬಟ್ಟೆಯಲ್ಲಿ ಸೋಸಿ, ಅಂಟು ನೀರಿನಲ್ಲಿ ಗಟ್ಟಿಯಾಗಿ ಕೂರಿಸಿ.

ಇವರಿಗೆ ಇದೆಲ್ಲ ಹೇಗೆ ಗೊತ್ತು ಅಂತ ನಿಮಗೂ ಅನ್ನಿಸಬಹುದು. ಮೊದಲು ಹತ್ತು ವರ್ಷ ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಸ್ಪ್ರೇ ಗನ್ ಹಿಡಿದವರು. ಹೊಸ ಪ್ಯಾಂಟಿನ ತೊಡೆ, ಮೊಣಕಾಲು ಸವೆದ ಹಾಗೆ ಬೆಳ್ಳಗಾಗಿರುತ್ತದಲ್ಲ, ಅದು ಪರ್ಮ್ಯಾಂಗನೇಟ್ ಸ್ಪ್ರೇ. ನನ್ನ ಅಂಗಡಿಯಲ್ಲಿ ಗಾಯ ತೊಳೆಯಲು ಮಾರುವ ಅದೇ ನೇರಳೆ ಹರಳು. ಎಲ್ಲಿ ಮಡಚುತ್ತದೆ, ಎಲ್ಲಿ ತಿಕ್ಕುತ್ತದೆ ಅಂತ ನೋಡಿ ಅಲ್ಲೇ ಹೊಡೆಯಬೇಕು, ಬೇರೆ ಕಡೆ ಹೊಡೆದರೆ ಪ್ಯಾಂಟು ಸುಳ್ಳು ಹೇಳುತ್ತದೆ ಅಂತಾರೆ ಅವರು. ನಮ್ಮ ಊರು ಹೊಸದನ್ನು ಹಳೇದು ಮಾಡಿ ಊರೂರಿಗೆ ಕಳಿಸಿ ಬದುಕುತ್ತಿದೆ. ನಾನು ಮಾತ್ರ ಬಾಟಲಿಗೆ ದುಡ್ಡು ಸುರಿದು ವಿಡಿಯೋ ನೋಡಿ ಕೂತಿದ್ದೆ.

ಆರು ವ್ಯಾಗನ್ ಕೊಟ್ಟೆ. ಒಂದನ್ನು ಕೂತು ಪೂರ್ತಿ ನೋಡಿದ್ದೇನೆ. ಮೊದಲು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿದರು. ನನ್ನ ಕಿತ್ತಳೆ ಮಚ್ಚೆಗಳನ್ನು ಆಲ್ಕೋಹಾಲಿನಲ್ಲಿ ಒರೆಸಿ ತೆಗೆದರು, ನನ್ನ ಮುಖ ನೋಡದೆ. ಮ್ಯಾಟ್ ವಾರ್ನಿಶ್ ತೆಳುವಾಗಿ ಒಂದು ಕೋಟ್, ನುಣುಪು ಮೈಗೆ ಬಣ್ಣದ ಪುಡಿ ನಿಲ್ಲಲ್ಲ. ಆಮೇಲೆ ಏರ್‌ಬ್ರಷ್. 0.3 ಮಿಲಿಮೀಟರ್ ನಳಿಕೆ, ಗಾಳಿಯ ಒತ್ತಡ 15ರಿಂದ 18 ಪಿಎಸ್‌ಐ. ಟಮಿಯಾ ಕಂಪನಿಯ ಎಕ್ಸ್‌ಎಫ್-64 ಕೆಂಗಂದು, ಅದಕ್ಕೆ ಎಕ್ಸ್‌ಎಫ್-52 ಮಣ್ಣಿನ ಬಣ್ಣ, ಒಂದಕ್ಕೆ ಎಂಟು ಭಾಗ ಆಲ್ಕೋಹಾಲ್. ಬಣ್ಣ ಅಲ್ಲ, ಬಣ್ಣದ ನೀರು. ಬೋಗಿ ಮತ್ತು ಕೆಳಭಾಗಕ್ಕೆ ಜಾಸ್ತಿ, ಮೇಲೆ ಹೋದಂತೆ ಬರೀ ಉಸಿರು ಬಿಟ್ಟಷ್ಟು. ಇಲ್ಲೊಂದು ಎಚ್ಚರಿಕೆ, ನಾನು ಕಲಿತ ಪಾಠ: ಟಮಿಯಾಗೆ ಆಲ್ಕೋಹಾಲ್ ಸರಿ, ವಲೆಹೊ ಬಣ್ಣಕ್ಕೆ ಹಾಕಬೇಡಿ. ಹಾಲು ಒಡೆದ ಹಾಗೆ ಗಟ್ಟಿಯಾಗಿ ನಳಿಕೆ ಕಟ್ಟುತ್ತದೆ. ನನ್ನ ಹಳೇ ಏರ್‌ಬ್ರಷ್ ಹೋದದ್ದು ಹಾಗೇ.

ಇನ್ನು ಗೆರೆಗಳು. ಕಂದು ಆಯಿಲ್ ಪೇಂಟಿನ ಸಣ್ಣ ಚುಕ್ಕಿಗಳನ್ನು ಪಕ್ಕೆಯ ಕಂಬಿಗಳ ಬುಡದಲ್ಲಿ ಇಟ್ಟರು. ಚಪ್ಪಟೆ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಬರೀ ತೇವ ಉಳಿದಾಗ ಮೇಲಿಂದ ಕೆಳಕ್ಕೆ ಎಳೆದರು. ಒಂದು ಸಲ. ಎರಡನೇ ಸಲ ಎಳೆಯಲಿಲ್ಲ. ಚುಕ್ಕಿ ಮಾಯವಾಗಿ ಮಳೆ ನೀರಿನ ಜಾಡು ಉಳಿಯಿತು. ಮೇಲಿನ ಅಂಚಿಗೆ ಸ್ಟೀಲ್ ಬಣ್ಣದ ಪೆನ್ಸಿಲ್ಲಿನಲ್ಲಿ ಅಲ್ಲಲ್ಲಿ ತಿಕ್ಕಿದರು. ಯಾಕೆ ಅಂತ ಕೇಳಿದೆ. ಬಾಕ್ಸ್‌ಎನ್ ವ್ಯಾಗನ್ನನ್ನು ಟಿಪ್ಲರ್ ಮಷಿನ್ ಇಡಿಯಾಗಿ ಹಿಡಿದು ಮಗುಚಿ ಖಾಲಿ ಮಾಡುತ್ತದೆ, ಕ್ಲ್ಯಾಂಪ್ ಕಚ್ಚುವ ಜಾಗದಲ್ಲಿ ಬಣ್ಣ ಸವೆಯುತ್ತದೆ. ವ್ಯಾಗನ್ ನಂಬರನ್ನೂ ಓದಿದರು. 11 ಅಂಕಿಗಳಲ್ಲಿ ಐದು ಮತ್ತು ಆರನೆಯದು ತಯಾರಾದ ವರ್ಷ. ಒಂದರಲ್ಲಿ 09, ಇನ್ನೊಂದರಲ್ಲಿ 18 ಇತ್ತು. "ಇದಕ್ಕೆ ಜಾಸ್ತಿ ವಯಸ್ಸು" ಅಂತ 09ಕ್ಕೆ ಎರಡು ಕೋಟ್ ಹೆಚ್ಚು.

ಲೋಡಿನ ವಿಷಯದಲ್ಲೂ ನನಗೆ ಮುಖಭಂಗ. ನಾನು ಅಂಚಿನವರೆಗೆ ಗುಡ್ಡದ ಹಾಗೆ ಅದಿರು ತುಂಬಿಸಿದ್ದೆ. ಬಾಕ್ಸ್‌ಎನ್ ಒಳಗಿನ ಜಾಗ 56 ಘನ ಮೀಟರ್, ಅದು ಕಲ್ಲಿದ್ದಲಿಗೆ ಸರಿಹೋಗುವ ಅಳತೆ. ಮೂಲ ಲೆಕ್ಕದಲ್ಲಿ ಹೊರುವ ಭಾರ ಸುಮಾರು 58 ಟನ್. ಅದಿರು ಭಾರ, ಅರ್ಧ ತುಂಬುವುದರೊಳಗೆ 58 ಟನ್ ಆಗಿಬಿಡುತ್ತದೆ. ಹಾಗಾಗಿ ಅದಿರಿನ ಗಾಡಿಯನ್ನು ಬ್ರಿಡ್ಜ್ ಮೇಲಿಂದ ನೋಡಿದರೆ ತಳದಲ್ಲಿ ತಗ್ಗಾದ ಗುಪ್ಪೆ ಮಾತ್ರ ಕಾಣುತ್ತದೆ. ಅವರು ನನ್ನ ಗುಡ್ಡ ಕಿತ್ತು, ಥರ್ಮೋಕೋಲ್ ಮೇಲೆ ಎರಡು ಸಣ್ಣ ಗುಪ್ಪೆ ಮಾಡಿದರು. ತೂಕವೂ ಸರಿಹೋಯಿತು. ಎಚ್‌ಓ ಬಾಕ್ಸ್‌ಎನ್ ಉದ್ದ 123 ಮಿಲಿಮೀಟರ್, ಅದಕ್ಕೆ 97 ಗ್ರಾಂ ಆಸುಪಾಸು ಇದ್ದರೆ ಚೆನ್ನಾಗಿ ಓಡುತ್ತದೆ. ನನ್ನದು ಖಾಲಿ 61 ಇತ್ತು, ಈಗ 95.

ಈಗ ದೂರುಗಳು. ಇವೆ, ಸಾಕಷ್ಟಿವೆ.

ಹದಿನೈದು ದಿನ ಅಂದದ್ದು ನಲವತ್ತೊಂದು ದಿನವಾಯಿತು. ಏಪ್ರಿಲ್‌ನಲ್ಲಿ ಕೊಟ್ಟದ್ದು ನನ್ನ ತಪ್ಪೂ ಹೌದು. ಆ ಬಿಸಿಲಲ್ಲಿ, ತಗಡಿನ ಶೀಟಿನ ಕೆಳಗೆ, ಏರ್‌ಬ್ರಷ್ಷಿನಿಂದ ಹೊರಟ ಬಣ್ಣ ವ್ಯಾಗನ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಮರಳು ಕಾಗದದ ಹಾಗೆ ಕೂರುತ್ತದೆ. ಹಾಗಾಗಿ ಬೆಳಗ್ಗೆ ಆರಕ್ಕೆ ಮಾತ್ರ ಬಣ್ಣ ಹೊಡೆಯುತ್ತಿದ್ದರು. ಅದು ಸರಿ. ಆದರೆ ಫೋನ್ ಎತ್ತಬಹುದಿತ್ತು, ಅಲ್ವಾ? ನಾಲ್ಕು ಸಲ ಹೋದರೆ ಎರಡು ಸಲ ಶಟರ್ ಅರ್ಧ ಇಳಿದಿತ್ತು.

ಎರಡನೆಯದು ದೊಡ್ಡದು. ಎಂಜಿನ್ನಿನ ಕೈಕಂಬಿ ಅಂಟಿಸಲು ಸೂಪರ್ ಗ್ಲೂ ಬಳಸಿ ರಾತ್ರಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾರೆ. ಬೆಳಗ್ಗೆ ನೋಡಿದರೆ ಕ್ಯಾಬಿನ್ನಿನ ಗಾಜೆಲ್ಲ ಬೆಳ್ಳಗೆ ಮಂಜು. ಆ ಅಂಟಿನ ಹೊಗೆ ಮುಚ್ಚಿದ ಜಾಗದಲ್ಲಿ ಗಾಜಿಗೆ ಕೂರುತ್ತದೆ, ಇದು ಈ ಕೆಲಸದಲ್ಲಿ ಮೊದಲ ವಾರ ಕಲಿಯುವ ಪಾಠ. ಅವರೇ ಒಪ್ಪಿಕೊಂಡರು. ಅಂಗಿ ಪ್ಯಾಕಿನ ಕಾಲರ್ ಕೆಳಗೆ ಇಡುವ ಪಾರದರ್ಶಕ ಹಾಳೆ ಕತ್ತರಿಸಿ ಹೊಸ ಗಾಜು ಹಾಕಿದರು, ದುಡ್ಡು ಕೇಳಲಿಲ್ಲ. ಗಾಜು ಮೊದಲಿಗಿಂತ ಚೆನ್ನಾಗಿಯೇ ಇದೆ. ಆದರೂ ಆ ಬೆಳಗ್ಗೆ ನನ್ನ ಬಿಪಿ ಎಷ್ಟಿತ್ತು ಅಂತ ಅಳೆಯದೇ ಇದ್ದದ್ದೇ ಒಳ್ಳೇದು.

ಮೂರು, ಕಪ್ಲರ್ ಒಳಗೆ ಬಣ್ಣ ಹೋಗಿ ಎರಡು ವ್ಯಾಗನ್ ಕೊಂಡಿ ಬಿಗಿಯಾಗಿತ್ತು. ಬಿಡಿಸಲು ಮನೆಯಲ್ಲಿ ಪೆನ್ಸಿಲ್ ಸೀಸದ ಪುಡಿ ಹಾಕಬೇಕಾಯಿತು. ಅವರ ಟೆಸ್ಟ್ ಹಳಿ ಮೂರಡಿ ನೇರ ತುಂಡು, ತಿರುವು ಇಲ್ಲ. ಮನೆಯ 18 ಇಂಚು ತ್ರಿಜ್ಯದ ತಿರುವಿನಲ್ಲಿ ಒಂದು ವ್ಯಾಗನ್ ಮೊದಲ ದಿನವೇ ಮಗುಚಿತು, ಬೋಗಿಯ ಸ್ಕ್ರೂ ಜಾಸ್ತಿ ಬಿಗಿ. ಕಾಲು ಸುತ್ತು ಸಡಿಲ ಮಾಡಿದೆ, ಸರಿಹೋಯಿತು. ಇಂಥದ್ದನ್ನು ಗಿರಾಕಿ ಮಾಡಬಾರದು.

ನಾಲ್ಕನೆಯದು ರುಚಿಯ ವಿಷಯ. ಆರರಲ್ಲಿ ಒಂದು ವ್ಯಾಗನ್ ಅತಿಯಾಯಿತು. ಪುಡಿ ಹಾಕಿ ಮೇಲೆ ವಾರ್ನಿಶ್ ಹೊಡೆದರೆ ಪುಡಿ ಅರ್ಧ ಮಾಯವಾಗುತ್ತದೆ. ಅದಕ್ಕೆ ಅಂತ ದುಪ್ಪಟ್ಟು ಹಾಕಿದ್ದಾರೆ, ಆ ಒಂದರಲ್ಲಿ ಅದು ಮಾಯವಾಗಲಿಲ್ಲ. ಹೋಳಿ ಆಡಿ ಬಂದ ಹಾಗಿದೆ. ಅದನ್ನು ರೇಕಿನ (ವ್ಯಾಗನ್ ಸಾಲಿನ) ಕೊನೆಗೆ ಹಾಕಿದ್ದೇನೆ.

ಎಂಜಿನ್ ಮೇಲಿನ ಕೆಲಸಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಹೊಗೆ ಕೊಳವೆಯ ಸುತ್ತ ಮಸಿ, ಅದೂ ಪೂರ್ತಿ ಕಪ್ಪಲ್ಲ, ಬೂದು ಮಿಶ್ರಿತ ಎಕ್ಸ್‌ಎಫ್-69. ಮಸಿ ಹಿಂದಕ್ಕೆ ಹೋಗುತ್ತಾ ತೆಳುವಾಗುತ್ತದೆ. ಡೀಸೆಲ್ ಟ್ಯಾಂಕಿನ ಮುಚ್ಚಳದ ಕೆಳಗೆ ಒಂದೇ ಒಂದು ಹೊಳೆಯುವ ಜಾಡು, ಎಣ್ಣೆ ಚೆಲ್ಲಿದ ಹಾಗೆ. ಸುತ್ತ ಎಲ್ಲ ಮ್ಯಾಟ್, ಅದೊಂದೇ ಹೊಳಪು. ಹತ್ತಿರದಿಂದ ನೋಡಿದ ನನ್ನ ಅಣ್ಣನ ಮಗ ಅದನ್ನು ಒರೆಸಲು ಕರ್ಚೀಫ್ ತೆಗೆದ.

ದುಡ್ಡು: ಎಂಜಿನ್ ರಿಪೇರಿ ಕೂಲಿ 700, ಗೇರಿನ ಖರ್ಚು ನನ್ನದು. ಎಂಜಿನ್ ವೆದರಿಂಗ್ 900. ವ್ಯಾಗನ್ ಒಂದಕ್ಕೆ 250. ಒಟ್ಟು 3100. ಮುಂಗಡ ಕೇಳಲ್ಲ. ಡಿಸಿಸಿ (ಡಿಜಿಟಲ್ ಸಿಗ್ನಲ್‌ನಿಂದ ಎಂಜಿನ್ ಓಡಿಸುವ ವ್ಯವಸ್ಥೆ), ಸದ್ದು ಹೊರಡಿಸುವ ಸೌಂಡ್ ಡಿಕೋಡರ್ ಇತ್ಯಾದಿ ಮುಟ್ಟಲ್ಲ, "ಅದು ನನಗೆ ಬರಲ್ಲ" ಅಂತ ನೇರ ಹೇಳುತ್ತಾರೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಫೋನ್ ಎತ್ತಿದ್ದರೆ ನಾಲ್ಕೂವರೆ.

ಹೋಗುವವರಿಗೆ ಎರಡು ಮಾತು. ಪ್ರಿಂಟ್ ಮಾಡಿದ ಮೈ ಪಿಎಲ್‌ಎ ಪ್ಲಾಸ್ಟಿಕ್ ಆಗಿದ್ದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, 60 ಡಿಗ್ರಿ ಆಸುಪಾಸಿನಲ್ಲಿ ಅದು ಮೆತ್ತಗಾಗಿ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಮತ್ತೆ, ಹೋಗುವಾಗ ಇಂಟರ್ನೆಟ್ಟಿನ ಫೋಟೋ ಒಯ್ಯಬೇಡಿ, ಅವರು ನೋಡೋದೇ ಇಲ್ಲ. ನಾನು ಬ್ರೇಕ್‌ವ್ಯಾನ್ (ಗೂಡ್ಸ್ ಗಾಡಿಯ ಕೊನೆಯ ಗಾರ್ಡ್ ಡಬ್ಬಿ) ಕೊಡಲು ಹೋದಾಗ ಹಾಗೇ ವಾಪಸ್ ಕಳಿಸಿದರು. ಗೇಟಿನ ಹತ್ತಿರ ನಿಂತು, ಒಂದು ನಿಜವಾದ ಬ್ರೇಕ್‌ವ್ಯಾನ್ ಹೋಗುವವರೆಗೆ ಕಾದು, ನೋಡಿಕೊಂಡು ಬನ್ನಿ ಅಂದರು. ಮೂರು ಭಾನುವಾರ ಆಯಿತು. ಸೈಕಲ್ ಬದಲು ಈಗ ಸ್ಕೂಟರ್ ನಿಲ್ಲಿಸುತ್ತೇನೆ, ಅಷ್ಟೇ ವ್ಯತ್ಯಾಸ.